ಕೂತು ಕೇಳುವ ದುಃಖ, ನಡೆದು ಕೇಳುವ ದುಃಖ: ಬರೋಕ್ ಮತ್ತು ಕ್ಲಾಸಿಕಲ್ ಸಂಗೀತದ ನಡುವೆ

ಹೋದ ವರ್ಷ ಪರೀಕ್ಷೆಗೆ ಮುಂಚೆ ಪಾಲಕರ ಸಭೆ ಮುಗಿಸಿ ರಿಜಿಸ್ಟರ್ ಮಡಚುತ್ತಿದ್ದೆ. ಒಂಬತ್ತನೇ ಇಯತ್ತೆಯ ಹುಡುಗನೊಬ್ಬನ ತಾಯಿ ಹಿಂದೆ ಉಳಿದುಕೊಂಡು ಮೆಲ್ಲಗೆ ಕೇಳಿದರು: "ಟೀಚರ್, ಹುಡುಗ ಓದೋವಾಗ ಮೊಬೈಲಿನಲ್ಲಿ ಹಚ್ಚಿಡೋಕೆ ಯಾವುದು ಒಳ್ಳೇದು? ಬರೋಕ್ ಅಂತಾರಲ್ಲ ಅದಾ, ಮೊಜಾರ್ಟಾ?"

ನಾನು ನಕ್ಕು, "ಯಾವುದೂ ಹಚ್ಚಬೇಡಿ, ಫ್ಯಾನ್ ಒಂದು ಹಚ್ಚಿ ಸಾಕು" ಅಂದೆ. ಅವರೂ ನಕ್ಕರು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಆ ತಾಯಿಯದೇನೂ ತಪ್ಪಿಲ್ಲ. ಫೋನ್ ತೆರೆದರೆ ಸಾಕು, ಏಕಾಗ್ರತೆಗೆ ಬರೋಕ್, ಕೂಸಿನ ಬುದ್ಧಿಗೆ ಮೊಜಾರ್ಟ್, ನಿದ್ದೆಗೆ ಇನ್ನೊಬ್ಬರು, ಹೀಗೆ ಔಷಧಿ ಅಂಗಡಿಯ ಹಾಗೆ ಸಂಗೀತವನ್ನು ಸಾಲಾಗಿ ಜೋಡಿಸಿಟ್ಟಿದ್ದಾರೆ. ಇದಕ್ಕೆಲ್ಲ ಬೀಜ ಎಲ್ಲಿದೆ ಅಂತ ನೋಡಿದರೆ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಸಣ್ಣ ವರದಿ ಸಿಗುತ್ತದೆ. ಮೊಜಾರ್ಟನ ಎರಡು ಪಿಯಾನೊಗಳ ಸೊನಾಟಾವೊಂದನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು, ಕಾಗದವನ್ನು ಮನಸ್ಸಿನಲ್ಲೇ ಮಡಚಿ ಕತ್ತರಿಸಿ ನೋಡುವಂಥ ಲೆಕ್ಕಗಳನ್ನು ಸ್ವಲ್ಪ ಮೇಲಾಗಿ ಮಾಡಿದರು. ಆ ಪರಿಣಾಮ ಹತ್ತು ಹದಿನೈದು ನಿಮಿಷಕ್ಕೆ ಇಳಿದುಹೋಯಿತು. ಅಷ್ಟೇ. ಕೂಸುಗಳ ಮಾತೇ ಅದರಲ್ಲಿರಲಿಲ್ಲ.

ಹಾಗಾದರೆ ಈ ಎರಡು ಬಗೆಯ ಸಂಗೀತ ನಿಜವಾಗಿ ನಮಗೆ ಏನು ಮಾಡುತ್ತವೆ? ಎರಡಕ್ಕೂ ಇರುವ ವ್ಯತ್ಯಾಸ ಕಿವಿಗೆ ಹೇಗೆ ಗೊತ್ತಾಗುತ್ತದೆ, ಎದೆಗೆ ಹೇಗೆ ಗೊತ್ತಾಗುತ್ತದೆ? ಈ ಬರಹ ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರ. ನಾನು ಸಂಗೀತ ಕಲಿತವಳಲ್ಲ. ಬಿ.ಎಡ್. ಮಾಡುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು ಗೋವಾದವಳು, ಪಿಟೀಲು ನುಡಿಸುತ್ತಿದ್ದಳು. ಅವಳು ಅಭ್ಯಾಸ ಮಾಡುವುದನ್ನು ಕೇಳಿ ಕೇಳಿ ನನ್ನ ಕಿವಿ ತೆರೆಯಿತು. ಆಮೇಲೆ ಬದುಕು ಇನ್ನಷ್ಟು ತೆರೆಸಿತು. ಅದನ್ನೂ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಾವು 'ವೆಸ್ಟರ್ನ್ ಕ್ಲಾಸಿಕಲ್' ಅಂತ ಇಡೀ ಪರಂಪರೆಗೇ ಅನ್ನುತ್ತೇವೆ. ಆದರೆ ಅಲ್ಲಿಯವರು ಅದರೊಳಗೆ ಕಾಲಗಳನ್ನು ಬೇರೆ ಮಾಡುತ್ತಾರೆ. ಸುಮಾರು 1600ರಿಂದ 1750ರವರೆಗಿನದು ಬರೋಕ್. ಪರ್ಸೆಲ್, ವಿವಾಲ್ಡಿ, ಹ್ಯಾಂಡೆಲ್, ಬಾಖ್ ಈ ಕಾಲದವರು. ಅಲ್ಲಿಂದ ಸುಮಾರು 1820ರವರೆಗಿನದು ಕ್ಲಾಸಿಕಲ್. ಹೈಡನ್, ಮೊಜಾರ್ಟ್, ಬೀಥೋವನ್ ಇದಕ್ಕೆ ಸೇರಿದವರು. ನಾನು ಇಲ್ಲಿ 'ಕ್ಲಾಸಿಕಲ್' ಅಂದಾಗಲೆಲ್ಲ ಈ ಎರಡನೆಯ ಕಾಲವನ್ನೇ ಹೇಳುತ್ತಿದ್ದೇನೆ.

ಈ ಎರಡರ ಬಗ್ಗೆ ಓದಿದಾಗ ನಿಮಗೆ ಸಿಗುವ ಮಾತು ಸಾಮಾನ್ಯವಾಗಿ ಇದು: ಬರೋಕ್ ಅಂದರೆ ಲೆಕ್ಕಾಚಾರ, ಅಲಂಕಾರ, ಬುದ್ಧಿಯ ಸಂಗೀತ, ಕ್ಲಾಸಿಕಲ್ ಅಂದರೆ ಸರಳ, ಸುಂದರ, ಮರ್ಯಾದಸ್ಥ ಸಂಗೀತ, ನಿಜವಾದ ಭಾವನೆ ಬಂದದ್ದು ಇವೆರಡೂ ಮುಗಿದ ಮೇಲೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಭಾವನೆ ಎರಡರಲ್ಲೂ ತುಂಬಿ ತುಳುಕುತ್ತಿದೆ. ಬೇರೆಯಾಗಿರುವುದು ಭಾವನೆ ಕಾಲದಲ್ಲಿ ಹೇಗೆ ಇರುತ್ತದೆ ಎಂಬುದು. ಬರೋಕಿನಲ್ಲಿ ಭಾವ ಒಂದು ಕಡೆ ಕೂರುತ್ತದೆ. ಕ್ಲಾಸಿಕಲಿನಲ್ಲಿ ಅದು ಎದ್ದು ನಡೆಯುತ್ತದೆ.

ಕಿವಿಯಿಂದಲೇ ಶುರು ಮಾಡೋಣ.

ಬರೋಕ್ ಕಾಲದ ಮನೆಗಳಲ್ಲಿ, ಅರಮನೆಗಳಲ್ಲಿ ಇದ್ದ ಮುಖ್ಯ ಮನೆವಾದ್ಯ ಹಾರ್ಪ್ಸಿಕಾರ್ಡ್. ನೋಡೋಕೆ ಪಿಯಾನೊದ ಹಾಗೇ ಇದೆ. ಆದರೆ ಒಳಗೆ ಸುತ್ತಿಗೆ ಇಲ್ಲ. ಕೀಲಿ ಒತ್ತಿದರೆ ಹಕ್ಕಿಯ ಗರಿಯ ಒಂದು ಚೂರು ತಂತಿಯನ್ನು ಮೀಟುತ್ತದೆ. ಇದರಲ್ಲಿ ಒಂದು ತೊಡಕಿದೆ: ನೀವು ಮೆಲ್ಲಗೆ ಒತ್ತಿದರೂ, ಸಿಟ್ಟಿನಿಂದ ಒತ್ತಿದರೂ ದನಿ ಹೆಚ್ಚುಕಡಿಮೆ ಅಷ್ಟೇ. ಲೈಟಿನ ಸ್ವಿಚ್ಚನ್ನು ಎಷ್ಟು ಜೋರಾಗಿ ಒತ್ತಿದರೂ ಬಲ್ಬು ಉರಿಯುವುದು ಅಷ್ಟೇ ಅಲ್ವಾ, ಹಾಗೆ. ಆದ್ದರಿಂದ ಆ ಕಾಲದ ಸಂಗೀತದಲ್ಲಿ ದನಿ ನಿಧಾನಕ್ಕೆ ಏರಿ ಇಳಿಯುವುದಕ್ಕಿಂತ ಹೆಚ್ಚಾಗಿ ಮೆಟ್ಟಿಲಿನ ಹಾಗೆ ಬದಲಾಗುತ್ತದೆ: ಕೆಲವರು ನುಡಿಸುತ್ತಾರೆ, ಆಮೇಲೆ ಎಲ್ಲರೂ ನುಡಿಸುತ್ತಾರೆ, ಮತ್ತೆ ಕೆಲವರು. ಕೆಳಗೆ ಸೆಲ್ಲೊದಂಥ ಮಂದ್ರದ ವಾದ್ಯವೊಂದು ಹಾರ್ಪ್ಸಿಕಾರ್ಡ್ ಅಥವಾ ಆರ್ಗನ್ ಜೊತೆ ಸೇರಿ ನಿಲ್ಲದೆ ನಡೆಯುತ್ತಿರುತ್ತದೆ. ನಮ್ಮ ತಂಬೂರಿಯ ಕೆಲಸವೇ ಅಂತ ನನಗೆ ಮೊದಮೊದಲು ಅನ್ನಿಸಿತ್ತು. ಆದರೆ ತಂಬೂರಿ ಒಂದೇ ಸ್ವರದಲ್ಲಿ ನಿಲ್ಲುತ್ತದೆ, ಇದು ಹೆಜ್ಜೆ ಹಾಕುತ್ತದೆ. ನಿಂತಿರುವುದು ಸ್ವರವಲ್ಲ, ನಡಿಗೆಯ ಲಯ.

ಮೇಲಿನ ದನಿಗಳೂ ಹಾಗೆಯೇ. ಬಾಖನ ಯಾವುದಾದರೂ ಫ್ಯೂಗ್ ಕೇಳಿ. ಒಂದು ದನಿ ಒಂದು ಮಾತು ಹೇಳುತ್ತದೆ, ಅದು ಮುಗಿಸುವಷ್ಟರಲ್ಲಿ ಎರಡನೆಯದು ಅದೇ ಮಾತನ್ನು ಬೇರೆ ಎತ್ತರದಲ್ಲಿ ಹಿಡಿಯುತ್ತದೆ, ಆಮೇಲೆ ಮೂರನೆಯದು. ಇಲ್ಲಿ ಹಾಡು ಒಬ್ಬರದು, ಸಾಥ್ ಇನ್ನೊಬ್ಬರದು ಎಂದಿಲ್ಲ. ಎಲ್ಲರೂ ಹಾಡುವವರೇ. ವಾಕ್ಯಕ್ಕೆ ಪೂರ್ಣವಿರಾಮ ಎಲ್ಲಿ ಬಿತ್ತು ಅಂತ ಹುಡುಕಿದರೆ ಸಿಗುವುದೇ ಇಲ್ಲ, ಒಂದರ ಕೊನೆಯಲ್ಲಿ ಇನ್ನೊಂದು ಆಗಲೇ ಶುರುವಾಗಿರುತ್ತದೆ.

ಇದನ್ನು 'ಹೊಲಿಗೆ ಮಷಿನ್ ಸಂಗೀತ' ಅಂತ ಹಂಗಿಸುವವರಿದ್ದಾರೆ. ಒಂದೇ ಸಮ ಕಟಕಟ ಅಂತ ಓಡುತ್ತದೆ ಅಂತ. ಈ ಹಂಗು ಕೇಳಿದಾಗ ನನಗೆ ನಗು ಬರುತ್ತದೆ, ಯಾಕೆಂದರೆ ನಾನು ಬೆಳೆದದ್ದೇ ಹೊಲಿಗೆ ಮಷಿನಿನ ಪಕ್ಕ. ಅಬ್ಬಾ ಟೈಲರ್. ವಿಜಯಪುರದಿಂದ ಪುಣೆಗೆ ಬಂದು ಮೂವತ್ತು ವರ್ಷ ಕಾಲು ಮಷಿನ್ ತುಳಿದವರು. ದೂರದಿಂದ ಕೇಳುವವರಿಗೆ ಅದು ಒಂದೇ ಸದ್ದು. ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುವವಳಿಗೆ ಹಾಗಲ್ಲ. ನೇರ ಹೊಲಿಗೆ ಬೇರೆ, ಕಾಲರಿನ ತಿರುವು ಬೇರೆ, ಅಸ್ತರ್ ಸೇರಿಸುವಾಗ ಬೇರೆ. ಲಯ ಒಂದೇ ಇದ್ದಾಗಲೇ ಸಣ್ಣ ಸಣ್ಣ ವ್ಯತ್ಯಾಸ ಕಿವಿಗೆ ಬೀಳುವುದು. ಬರೋಕ್ ಕೇಳುವ ಗುಟ್ಟೂ ಇಷ್ಟೇ.

ಈಗ ಕ್ಲಾಸಿಕಲ್ ಕಡೆ ಬನ್ನಿ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ ಗರಿಯ ಜಾಗದಲ್ಲಿ ಸಣ್ಣ ಸುತ್ತಿಗೆ ಇಟ್ಟ. ಈಗ ಬೆರಳು ಮೆಲ್ಲಗೆ ಬಿದ್ದರೆ ಮೆಲ್ಲಗೆ, ಜೋರಾಗಿ ಬಿದ್ದರೆ ಜೋರಾಗಿ. ವಾದ್ಯದ ಹೆಸರೇ ಅದನ್ನು ಹೇಳುತ್ತದೆ: ಇಟಾಲಿಯನ್ ಭಾಷೆಯಲ್ಲಿ 'ಪಿಯಾನೊ' ಎಂದರೆ ಮೆಲುದನಿ, 'ಫೋರ್ಟೆ' ಎಂದರೆ ಜೋರು ದನಿ. ಇದು ಮನೆಮನೆಗೆ ಬಂದು ಹಾರ್ಪ್ಸಿಕಾರ್ಡನ್ನು ಬದಿಗೆ ಸರಿಸಲು ಹಲವು ದಶಕ ಹಿಡಿಯಿತು. ಅತ್ತ ಜರ್ಮನಿಯ ಮಾನ್‌ಹೈಮ್ ಆಸ್ಥಾನದ ಆರ್ಕೆಸ್ಟ್ರಾ, 1740ರ ದಶಕದಿಂದ ಯೋಹಾನ್ ಸ್ಟಾಮಿಟ್ಸ್ ಕೈಯಲ್ಲಿ ಬೆಳೆದು, ಎಲ್ಲ ವಾದ್ಯಗಳೂ ಒಟ್ಟಿಗೆ ಪಿಸುಮಾತಿನಿಂದ ಗರ್ಜನೆಯವರೆಗೆ ಏರುವುದಕ್ಕೆ ಹೆಸರಾಯಿತು. ಮೆಟ್ಟಿಲಿನ ಜಾಗಕ್ಕೆ ಇಳಿಜಾರು ಬಂತು.

ವಾಕ್ಯದ ಕಟ್ಟೂ ಬದಲಾಯಿತು. ಮೇಲೊಂದು ಸ್ಪಷ್ಟ ರಾಗ, ಕೆಳಗೆ ಅದಕ್ಕೆ ಹಗುರವಾದ ಸಾಥ್. ರಾಗ ಪ್ರಶ್ನೆ ಕೇಳಿದ ಹಾಗೆ ಒಂದಿಷ್ಟು, ಉತ್ತರ ಕೊಟ್ಟ ಹಾಗೆ ಅಷ್ಟೇ ಉದ್ದದ ಇನ್ನೊಂದಿಷ್ಟು. ನಡುವೆ ಉಸಿರು. ಹೈಡನ್‌ನಲ್ಲಂತೂ ಪೂರ್ತಿ ಮೌನವೇ ಬರುತ್ತದೆ, ಮುಂದೇನು ಅಂತ ನಾವು ಕತ್ತು ಮುಂದೆ ಚಾಚುವಷ್ಟು. ಬರೋಕ್ ನಮ್ಮನ್ನು ಹರಿವಿನೊಳಗೆ ಇಳಿಸಿದರೆ, ಇದು ನಮ್ಮನ್ನು ಎದುರು ಕೂರಿಸಿ ಮಾತಾಡಿಸುತ್ತದೆ.

ಕಿವಿಯ ಮಾತು ಇಷ್ಟು. ಈಗ ಎದೆಯ ಮಾತು.

ಬರೋಕ್ ಕಾಲದವರಿಗೆ ಭಾವನೆಯ ಬಗ್ಗೆ ಒಂದು ಖಚಿತ ನಂಬಿಕೆ ಇತ್ತು. ಸಂಗೀತದ ಒಂದು ಭಾಗಕ್ಕೆ ಒಂದು ಭಾವ ಸಾಕು. ಅದನ್ನು ಹಿಡಿದರೆ ಕೊನೆಯವರೆಗೆ ಬಿಡಬಾರದು. ಜರ್ಮನಿಯ ಯೋಹಾನ್ ಮಾಟ್ಟೆಸೊನ್ 1739ರ ತನ್ನ ಗ್ರಂಥದಲ್ಲಿ ಯಾವ ಭಾವಕ್ಕೆ ಎಂಥ ಸ್ವರನಡಿಗೆ ಎಂದು ವಿವರಿಸಿದ್ದಾನೆ. ಸಂತೋಷ ಎಂದರೆ ಜೀವ ಹಿಗ್ಗುವುದು, ಆದ್ದರಿಂದ ಸ್ವರಗಳ ನಡುವೆ ದೊಡ್ಡ ಜಿಗಿತ ಇರಲಿ. ದುಃಖ ಎಂದರೆ ಜೀವ ಕುಗ್ಗುವುದು, ಆದ್ದರಿಂದ ಸ್ವರಗಳು ಹತ್ತಿರ ಹತ್ತಿರ ಇರಲಿ.

ಈ ಮಾತು ಬರೆಯುವುದಕ್ಕೆ ಅರ್ಧ ಶತಮಾನ ಮುಂಚೆಯೇ ಇಂಗ್ಲೆಂಡಿನ ಹೆನ್ರಿ ಪರ್ಸೆಲ್ ಅದನ್ನು ಮಾಡಿ ತೋರಿಸಿದ್ದ. ಅವನ 'ಡಿಡೋ ಆ್ಯಂಡ್ ಈನಿಯಸ್' ಒಪೆರಾ 1680ರ ದಶಕದ ಕೊನೆಯಲ್ಲಿ ಲಂಡನ್ನಿನ ಚೆಲ್ಸಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಡಲ್ಪಟ್ಟಿತ್ತು. (ಶಾಲೆಯ ಹುಡುಗಿಯರು! ನಮ್ಮ ಗ್ಯಾದರಿಂಗ್ ನೆನೆದು ನನಗೆ ಸ್ವಲ್ಪ ಹೊಟ್ಟೆಕಿಚ್ಚು.) ಅದರ ಕೊನೆಯಲ್ಲಿ ಪ್ರಿಯಕರ ಬಿಟ್ಟುಹೋದ ರಾಣಿ ಡಿಡೋ ಸಾಯುವ ಮುಂಚೆ ಒಂದು ಹಾಡು ಹಾಡುತ್ತಾಳೆ. ಅವಳು ಬಾಯಿ ತೆರೆಯುವ ಮೊದಲೇ ಕೆಳಗಿನ ವಾದ್ಯ ಒಂಟಿಯಾಗಿ ಒಂದು ಸಾಲು ನುಡಿಸುತ್ತದೆ. ಅರ್ಧರ್ಧ ಸ್ವರ ಇಳಿಯುತ್ತಾ, ಕತ್ತಲಲ್ಲಿ ಮೆಟ್ಟಿಲು ತಡವಿಕೊಂಡು ಇಳಿಯುವ ಹಾಗೆ. ಹಾಡು ಮುಗಿಯುವವರೆಗೂ ಅದೇ ಸಾಲು ಮತ್ತೆ ಮತ್ತೆ ಬರುತ್ತದೆ. ಅದು ಬದಲಾಗುವುದಿಲ್ಲ.

ಉರ್ದು ಓದಿದವರಿಗೆ ನಾನು ಇದನ್ನು ಹೀಗೆ ಹೇಳುತ್ತೇನೆ: ಇದು ಗಜಲಿನ ರದೀಫ್. ರದೀಫ್ ಅಂದರೆ ಪ್ರತಿ ಶೇರಿನ ಕೊನೆಗೆ ಬದಲಾಗದೆ ಬರುವ ಪದ. ಪದ ಅದೇ. ಆದರೆ ಪ್ರತಿ ಸಲ ಬೇರೆ ಮಾತಿನ ಬಾಲವಾಗಿ ಬರುವುದರಿಂದ ಅರ್ಥದ ಭಾರ ಹೆಚ್ಚುತ್ತಾ ಹೋಗುತ್ತದೆ. ಐದನೆಯ ಶೇರಿನಲ್ಲಿ ಅದೇ ಪದ ಬಂದಾಗ ಮುಶಾಯಿರಾದಲ್ಲಿ ಕೂತವರು ಕವಿಗಿಂತ ಮುಂಚೆ ತಾವೇ ಹೇಳಿಬಿಡುತ್ತಾರೆ. ಪರ್ಸೆಲ್‌ನಲ್ಲಿ ರದೀಫ್ ಸಾಲಿನ ಕೊನೆಗಲ್ಲ, ಬುಡದಲ್ಲಿದೆ. ಡಿಡೋಳ ಹಾಡು ಆ ಸಾಲಿನ ಅಳತೆಗೆ ಸರಿಯಾಗಿ ನಿಲ್ಲುವುದೂ ಇಲ್ಲ. ಅವಳ ಮಾತು ಒಂದು ಕಡೆ ಮುಗಿದರೆ ಕೆಳಗಿನ ಸಾಲು ಇನ್ನೊಂದು ಕಡೆ ಮುಗಿಯುತ್ತದೆ. ಸಾವು ತನ್ನ ಹೆಜ್ಜೆಯಲ್ಲಿ ಬರುತ್ತಿದೆ, ಅವಳು ತನ್ನ ಉಸಿರಿನಲ್ಲಿ ಹಾಡುತ್ತಿದ್ದಾಳೆ. ಇದನ್ನು ಲೆಕ್ಕಾಚಾರದ ಸಂಗೀತ ಅನ್ನುವವರು ಲೆಕ್ಕವನ್ನು ಮಾತ್ರ ನೋಡಿದ್ದಾರೆ.

ಇನ್ನು ಬಾಖ್. ಒಂಟಿ ಪಿಟೀಲಿಗೆ ಅವನು ಬರೆದ ಎರಡನೆಯ ಪಾರ್ಟಿಟಾದ ಕೊನೆಯ ಭಾಗಕ್ಕೆ 'ಚಾಕೋನ್' ಎಂದು ಹೆಸರು. ಕೈಬರಹದ ಪ್ರತಿಯ ಮೇಲೆ 1720 ಎಂದಿದೆ. ಅದೇ ವರ್ಷ ಜುಲೈಯಲ್ಲಿ ಅವನು ತನ್ನ ಧಣಿಯ ಜೊತೆ ಪರ ಊರಿಗೆ ಹೋಗಿ ಬರುವಷ್ಟರಲ್ಲಿ ಹೆಂಡತಿ ಮರಿಯಾ ಬಾರ್ಬರಾ ತೀರಿಹೋಗಿ ಮಣ್ಣೂ ಆಗಿತ್ತು. ಈ ಸಂಗೀತ ಅವಳ ನೆನಪಿನದು ಎಂದು ಹೇಳುವವರಿದ್ದಾರೆ. ಅದಕ್ಕೆ ಪುರಾವೆ ಇಲ್ಲ, ಆ ಕಥೆಯ ಊರುಗೋಲು ಈ ಸಂಗೀತಕ್ಕೆ ಬೇಕಾಗಿಯೂ ಇಲ್ಲ. ನಾಲ್ಕು ಅಳತೆಯ ಒಂದು ಸಣ್ಣ ಕಟ್ಟು, ಅದರ ಮೇಲೆ ಅರವತ್ತಕ್ಕೂ ಹೆಚ್ಚು ಸಲ ಹೊಸ ಹೊಸ ನೇಯ್ಗೆ, ಸುಮಾರು ಕಾಲು ಗಂಟೆ. ನಾಲ್ಕು ತಂತಿ, ಒಂದು ಕಮಾನು, ಒಬ್ಬ ಮನುಷ್ಯ.

ಮೂರು ವರ್ಷದ ಹಿಂದೆ ಅಬ್ಬಾ ತೀರಿಕೊಂಡರು. ಮನೆಯಲ್ಲಿ ಜನ ತುಂಬಿದ್ದಾಗ ನಾನು ಗಟ್ಟಿಯಾಗಿದ್ದೆ. ಎಲ್ಲರೂ ಊರಿಗೆ ಮರಳಿದ ಮೇಲೆ ಒಂದು ರಾತ್ರಿ ಮೂಲೆಯಲ್ಲಿದ್ದ ಮಷಿನಿನ ಮೇಲೆ ಬಟ್ಟೆ ಹೊದಿಸಿದ್ದು ಕಂಡು ನನಗೆ ತಡೆಯಲಾಗಲಿಲ್ಲ. ಅಮ್ಮಿಗೆ ಎಚ್ಚರವಾಗದಿರಲಿ ಅಂತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಹಾಸ್ಟೆಲಿನ ಗೆಳತಿ ಹಿಂದೆ ಯಾವಾಗಲೋ ಕಳಿಸಿದ್ದ ಚಾಕೋನ್ ಇತ್ತು. ಅದು ನನ್ನನ್ನು ಸಮಾಧಾನ ಮಾಡಲಿಲ್ಲ. 'ಹೋಗಲಿ ಬಿಡು' ಅನ್ನಲಿಲ್ಲ. ಮಯ್ಯತ್ ಮನೆಗೆ ಬಂದು, ಒಂದು ಮಾತೂ ಆಡದೆ, ಗೋಡೆಗೆ ಒರಗಿ ಪಕ್ಕದಲ್ಲಿ ಕೂತು ಎದ್ದು ಹೋಗುವ ಹಿರಿಯರಿರುತ್ತಾರೆ ನೋಡಿ, ಹಾಗೆ ಅದು ನನ್ನ ಪಕ್ಕ ಕೂತಿತು. ನಡುವೆ ಒಂದು ಕಡೆ ಸಂಗೀತ ಮೈನರ್‌ನಿಂದ ಮೇಜರ್‌ಗೆ ಹೊರಳುತ್ತದೆ, ಅಂದರೆ ಕತ್ತಲೆಯಿಂದ ಬೆಳಕಿಗೆ. ಮೊದಲ ಸಲ ಕೇಳುವವರಿಗೆ ದುಃಖ ಮುಗಿಯಿತು ಅನ್ನಿಸುತ್ತದೆ. ಆದರೆ ಕೆಳಗಿನ ಕಟ್ಟು ಬದಲಾಗಿಲ್ಲ. ಬೆಳಕು ಬಂದದ್ದು ಅದೇ ಕೋಣೆಯೊಳಗೆ. ಸ್ವಲ್ಪ ಹೊತ್ತಿಗೆ ಮತ್ತೆ ಮೈನರ್ ಮರಳುತ್ತದೆ, ಯಾವ ಗಲಾಟೆಯೂ ಇಲ್ಲದೆ.

ಬಾಖನ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಬಗ್ಗೆಯೂ ಒಂದು ಮಾತು ಹೇಳಬೇಕು. 1727ರಲ್ಲಿ ಲೈಪ್ಜಿಗ್‌ನ ಚರ್ಚಿಗಾಗಿ ಬರೆದದ್ದು. ಆ ಕಥೆಯ ನಂಬಿಕೆ ನಮ್ಮದಲ್ಲ, ಈಸಾ ಅಲೈಹಿಸ್ಸಲಾಮರ ಬಗ್ಗೆ ನಾವು ನಂಬುವುದು ಬೇರೆ. ಆದರೆ ಅದರಲ್ಲಿ ಶಿಷ್ಯ ಪೀಟರ್ ಹೆದರಿ, ತನ್ನ ಗುರು ತನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಸುಳ್ಳು ಹೇಳಿ, ಹೊರಗೆ ಹೋಗಿ ಅಳುವ ಜಾಗವಿದೆ. ಅಲ್ಲಿ ಒಂದು ಪಿಟೀಲು, ಒಂದು ದನಿ ಸೇರಿ ರಹಮ್ ಬೇಡುತ್ತವೆ. ತೌಬಾ ಮಾಡುವಾಗ ಮನುಷ್ಯನ ಗಂಟಲು ಹೇಗಿರುತ್ತದೆ ಎಂದು ತಿಳಿಯಲು ಆ ಮತದವರೇ ಆಗಬೇಕಿಲ್ಲ. ಅದು ಮುಗಿಯುವವರೆಗೆ ಅದೊಂದೇ ಭಾವ, ಪಶ್ಚಾತ್ತಾಪ. ಕ್ಷಮೆ ಸಿಕ್ಕಿತೋ ಇಲ್ಲವೋ ಎಂಬ ಕಥೆ ಮುಂದೆ ಸರಿಯುವುದೇ ಇಲ್ಲ.

ಈಗ ಮೊಜಾರ್ಟ್.

ನಿಮ್ಮ ಕಿವಿಗೆ ಅವನು ಹೊಸಬನಲ್ಲ. ಟೈಟಾನ್ ವಾಚಿನ ಜಾಹೀರಾತಿನ ಸಂಗೀತ ಅವನ 25ನೇ ಸಿಂಫನಿಯದು. 1773ರಲ್ಲಿ, ಹದಿನೇಳರ ವಯಸ್ಸಿನಲ್ಲಿ ಬರೆದದ್ದು. ಜಾಹೀರಾತಿನಲ್ಲಿ ಅದು ಉಡುಗೊರೆಯ ಡಬ್ಬಿ ತೆರೆಯುವ ಸಡಗರ. ಮೂಲದಲ್ಲಿ ಅದು ತಾಳದ ಮೇಲೆ ನೇರ ಬೀಳದೆ ತಡವರಿಸಿ ನುಗ್ಗುವ ಹದಿಹರೆಯದ ಕುದಿ. ಹಾಗೆಯೇ 1961ರ 'ಛಾಯಾ' ಚಿತ್ರದಲ್ಲಿ ತಲತ್ ಮಹಮೂದ್ ಮತ್ತು ಲತಾ ಹಾಡಿದ ಆ ಹೆಸರಾಂತ ಯುಗಳಗೀತೆ. ಸಲಿಲ್ ಚೌಧರಿ ಅದರ ರಾಗವನ್ನು ಎತ್ತಿಕೊಂಡದ್ದು ಮೊಜಾರ್ಟನ 40ನೇ ಸಿಂಫನಿಯ ಆರಂಭದಿಂದ. ಅಬ್ಬಾ ಮಷಿನ್ ತುಳಿಯುತ್ತಾ ಅದನ್ನು ಗುನುಗುತ್ತಿದ್ದರು. ಅದು ಆಸ್ಟ್ರಿಯಾದಿಂದ ಬಂದದ್ದು ಅಂತ ನಾನು ಹೇಳಿದಾಗ, "ಹೌದಾ? ಚೆನ್ನಾಗಿ ನಡೆದುಕೊಂಡು ಬಂದಿದೆ" ಅಂದಿದ್ದರು.

ಆದರೆ ಸಲಿಲ್ ಚೌಧರಿ ತೆಗೆದುಕೊಂಡದ್ದೇನು, ಬಿಟ್ಟದ್ದೇನು ನೋಡಿ. ಹಿಂದಿ ಹಾಡಿನಲ್ಲಿ ಆ ರಾಗ ಮುಖಡಾ ಆಯಿತು. ಅಂತರಾ ಮುಗಿದ ಮೇಲೆ ಪ್ರತಿ ಸಲ ಅದೇ ಮುಖಡಾಕ್ಕೆ ಮರಳುತ್ತದೆ, ಅದೇ ಮುಖ ಹೊತ್ತು. ಅದು ಚೆಲುವಾದ ಹಾಡು, ಅದರಲ್ಲಿ ಎರಡು ಮಾತಿಲ್ಲ. ಮೊಜಾರ್ಟನಲ್ಲಿ ಹಾಗಲ್ಲ. 1788ರ ಜುಲೈಯಲ್ಲಿ ಅವನು ಮುಗಿಸಿದ ಈ ಸಿಂಫನಿ ರಾಗದಿಂದ ಶುರುವಾಗುವುದೇ ಇಲ್ಲ. ಮೊದಲು ವಯೋಲಾಗಳ ಚಡಪಡಿಕೆ ಒಂದು ಕ್ಷಣ, ಏನೋ ಆಗಲೇ ನಡೆಯುತ್ತಿರುವ ಮನೆಯ ಬಾಗಿಲು ನಾವು ತೆರೆದ ಹಾಗೆ. ಅದರ ಮೇಲೆ ಪಿಟೀಲುಗಳ ರಾಗ, ಅರ್ಧ ಸ್ವರ ಜಾರಿ ಬೀಳುವ ನಿಟ್ಟುಸಿರು ಮೂರು ಸಲ. ಈ ನಿಟ್ಟುಸಿರು ಬರೋಕಿನದೇ ಆಸ್ತಿ, ಡಿಡೋಳ ಸಾಲಿಗೆ ಹತ್ತಿರದ ನೆಂಟ. ಆದರೆ ಬಾಖ್ ಆಗಿದ್ದರೆ ಅದನ್ನೇ ಹಿಡಿದು ಕೂರುತ್ತಿದ್ದ. ಮೊಜಾರ್ಟ್ ಎದ್ದು ಹೊರಡುತ್ತಾನೆ.

ಸ್ವಲ್ಪ ಹೊತ್ತಿಗೆ ಎರಡನೆಯ ರಾಗ ಬರುತ್ತದೆ, ಮೇಜರ್‌ನಲ್ಲಿ. ತಂತಿವಾದ್ಯಗಳೂ ಊದುವ ವಾದ್ಯಗಳೂ ಅದನ್ನು ಹಂಚಿಕೊಳ್ಳುತ್ತವೆ. ಕಿಟಕಿ ತೆರೆದ ಹಾಗೆ ಹಗುರ. ಆಮೇಲೆ ನಡುಭಾಗ: ಮೊದಲ ರಾಗದ ಚೂರುಗಳು ಊರೂರು ಅಲೆಯುತ್ತವೆ, ಜಗಳವಾಡುತ್ತವೆ. ಕೊನೆಗೆ ಸಂಗೀತ ಮನೆಗೆ ಮರಳುತ್ತದೆ. ಮೊದಲ ರಾಗ ಬರುತ್ತದೆ, ಎರಡನೆಯದೂ ಬರುತ್ತದೆ. ಆದರೆ ಈ ಸಲ ಎರಡನೆಯ ರಾಗ ಮೇಜರ್‌ನಲ್ಲಿಲ್ಲ, ಮೈನರ್‌ನಲ್ಲಿದೆ. ರಾಗದ ಆಕಾರ ಅದೇ, ಕಿಟಕಿ ಮಾತ್ರ ಮುಚ್ಚಿದೆ.

ಇದು ಕ್ಲಾಸಿಕಲ್ ಸಂಗೀತ ಕಂಡುಕೊಂಡ ದೊಡ್ಡ ಸತ್ಯ ಅಂತ ನನಗನ್ನಿಸುತ್ತದೆ. ಏನೇನೋ ನಡೆದುಹೋದ ಮೇಲೆ ಅದೇ ವಸ್ತು ಅದೇ ಆಗಿ ಉಳಿಯುವುದಿಲ್ಲ. ಇದು ಗಜಲಿನ ರೀತಿಯಲ್ಲ, ಅಫ್ಸಾನಾದ ರೀತಿ, ಸಣ್ಣಕಥೆಯ ರೀತಿ. ಕಥೆಯ ಮೊದಲ ಪುಟದಲ್ಲಿ ಬಾಗಿಲ ಬಳಿ ಇದ್ದ ಚಪ್ಪಲಿ ಕೊನೆಯ ಪುಟದಲ್ಲೂ ಅಲ್ಲೇ ಇರುತ್ತದೆ, ಓದುವ ನಾವು ಮಾತ್ರ ಅದನ್ನು ಮೊದಲಿನ ಕಣ್ಣಿನಿಂದ ನೋಡಲಾರೆವು.

ಈ ನಡಿಗೆಯಿಂದಲೇ ಕ್ಲಾಸಿಕಲಿಗೆ ನಗುವೂ ದಕ್ಕಿತು. ಮುಂದೇನು ಬರುತ್ತದೆ ಎಂದು ಕೇಳುಗನಿಗೆ ಅಂದಾಜು ಇದ್ದರೆ ತಾನೇ ಅವನನ್ನು ಬೇಸ್ತು ಬೀಳಿಸಲಾಗುವುದು? ಹೈಡನ್ 1791ರಲ್ಲಿ ಬರೆದ 94ನೇ ಸಿಂಫನಿಯಲ್ಲಿ ಮಗುವಿನ ಪದ್ಯದಂಥ ಮೆಲ್ಲನೆಯ ರಾಗದ ನಡುವೆ ಇದ್ದಕ್ಕಿದ್ದಂತೆ ಇಡೀ ಆರ್ಕೆಸ್ಟ್ರಾ ಒಮ್ಮೆ ಅಬ್ಬರಿಸುತ್ತದೆ. ಕ್ಲಾಸಿನಲ್ಲಿ ಕೇಳಿಸಿದಾಗ ಹಿಂದಿನ ಬೆಂಚಿನವರು ಹಾರಿಬಿದ್ದು ನಕ್ಕರು. 1772ರ ಅವನ 45ನೇ ಸಿಂಫನಿಯದು ಇನ್ನೊಂದು ಬಗೆ. ಎಸ್ತರ್ಹಾಜಿ ರಾಜಕುಮಾರ ಬೇಸಿಗೆ ಅರಮನೆಯಲ್ಲೇ ದಿನ ದೂಡುತ್ತಿದ್ದ. ವಾದ್ಯಗಾರರಿಗೆ ಹೆಂಡತಿ ಮಕ್ಕಳ ಬಳಿ ಹೋಗುವ ತವಕ. ಹೈಡನ್ ಅರ್ಜಿ ಬರೆಯಲಿಲ್ಲ, ಸಂಗೀತ ಬರೆದ. ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ತಮ್ಮ ಪಾಲು ಮುಗಿಸಿ, ಮುಂದಿನ ಮೇಣದಬತ್ತಿ ಆರಿಸಿ ಎದ್ದು ಹೋಗುತ್ತಾರೆ. ಕಡೆಗೆ ಎರಡೇ ಪಿಟೀಲು. ದನಿಯೇ ತೆಳ್ಳಗಾಗುತ್ತಾ ಅರ್ಥ ಹೇಳುವ ಈ ಉಪಾಯ, ಮಂದ್ರದ ವಾದ್ಯ ನಿಲ್ಲದೆ ನಡೆಯುವ ಬರೋಕಿನಲ್ಲಿ ಕಷ್ಟ. ದುಡಿಯಲು ಊರು ಬಿಟ್ಟು ಬಂದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಕಾವ್ಯಮೀಮಾಂಸೆ ಓದಿದ ವಿದ್ಯಾರ್ಥಿಗಳಿಗೆ ಇನ್ನೊಂದು ದಾರಿ ಇದೆ. ಭರತ ಎಂಟು ಸ್ಥಾಯಿಭಾವಗಳನ್ನೂ ಮೂವತ್ಮೂರು ಸಂಚಾರಿಭಾವಗಳನ್ನೂ ಹೇಳುತ್ತಾನೆ. ಬರೋಕ್ ಸ್ಥಾಯಿಯನ್ನು ನೆಚ್ಚಿದರೆ ಕ್ಲಾಸಿಕಲ್ ಸಂಚಾರಿಗಳಿಗೆ ಮಣೆ ಹಾಕುತ್ತದೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಕೊಡುತ್ತೇನೆ, ಪೂರ್ತಿ ಮಾತ್ರ ಕೊಡುವುದಿಲ್ಲ. ಯಾಕೆಂದರೆ ಭರತನಲ್ಲಿ ಸಂಚಾರಿಗಳು ಬಂದು ಹೋಗಿ ಸ್ಥಾಯಿಯನ್ನೇ ಪೋಷಿಸುತ್ತವೆ. ಮೊಜಾರ್ಟನಲ್ಲಿ ಅವು ಸ್ಥಾಯಿಯನ್ನೇ ಪ್ರಶ್ನಿಸಿ ಬಿಡುತ್ತವೆ.

ಗೆರೆ ಅಷ್ಟು ನೇರವಾಗಿಯೂ ಇಲ್ಲ. 1750ರ ಒಂದು ಬೆಳಗ್ಗೆ ಎಲ್ಲರೂ ಎದ್ದು ವಾದ್ಯ ಬದಲಾಯಿಸಲಿಲ್ಲ. ಬಾಖ್ ಬದುಕಿದ್ದಾಗಲೇ, 1737ರಲ್ಲಿ, ಶೈಬೆ ಎಂಬ ವಿಮರ್ಶಕ ಅವನ ಸಂಗೀತ ಗೋಜಲು, ಸಹಜವಲ್ಲ ಎಂದು ಬರೆದಿದ್ದ; ಹೊಸ ರುಚಿ ಆಗಲೇ ಬಾಗಿಲಲ್ಲಿತ್ತು. ಇತ್ತ ಮೊಜಾರ್ಟ್ 1782ರಲ್ಲಿ ವಿಯೆನ್ನಾದ ಫಾನ್ ಸ್ವೀಟನ್ ಎಂಬ ಶ್ರೀಮಂತನ ಮನೆಯಲ್ಲಿ ಬಾಖ್, ಹ್ಯಾಂಡೆಲರ ಹಸ್ತಪ್ರತಿಗಳನ್ನು ಕಂಡು ಬೆರಗಾಗಿ ಕಲಿಯಲು ಕೂತ. 40ನೇ ಸಿಂಫನಿಯ ಬೆನ್ನಿಗೇ ಬರೆದ 41ನೆಯದರ ಕೊನೆಯ ಭಾಗದಲ್ಲಿ ಹಲವು ದನಿಗಳು ಬಾಖನ ಹಾಗೆ ಹೆಣೆದುಕೊಳ್ಳುತ್ತವೆ. ನಡೆಯುವವನಿಗೂ ಕೂರುವುದು ಬೇಕೆನಿಸಿತ್ತು.

ಅಬ್ಬಾ ಹೋದ ಮೊದಲ ತಿಂಗಳುಗಳಲ್ಲಿ ನನಗೆ 40ನೇ ಸಿಂಫನಿ ಕೇಳಲಾಗುತ್ತಿರಲಿಲ್ಲ. ಅದರ ಅವಸರ ನನಗೆ ಬೇಡವಾಗಿತ್ತು. ಅದು ನನ್ನನ್ನು ಎಲ್ಲಿಗೋ ಕರೆಯುತ್ತಿತ್ತು, ನಾನು ಹೋಗುವ ಸ್ಥಿತಿಯಲ್ಲಿರಲಿಲ್ಲ. ಚಾಕೋನ್ ಒಂದೇ ಸಾಕಾಗಿತ್ತು. ಒಂದು ವರ್ಷ ಕಳೆದ ಮೇಲೆ ಒಂದು ದಿನ ಅಮ್ಮಿ ಅಡುಗೆಮನೆಯಲ್ಲಿ ಆ 'ಛಾಯಾ' ಹಾಡನ್ನು ಗುನುಗಿದರು, ತಮಗೇ ಗೊತ್ತಿಲ್ಲದೆ. ಅಂದು ರಾತ್ರಿ ನಾನು ಸಿಂಫನಿ ಹಚ್ಚಿದೆ. ಎರಡನೆಯ ರಾಗ ಮೈನರ್‌ನಲ್ಲಿ ಮರಳಿದಾಗ ನನಗೆ ಅಳು ಬರಲಿಲ್ಲ. ಹೌದು, ಹೀಗೇ, ಅನ್ನಿಸಿತು. ಅಬ್ಬಾ ಗುನುಗುತ್ತಿದ್ದ ರಾಗ ಈಗ ಅಮ್ಮಿಯ ಬಾಯಲ್ಲಿತ್ತು. ಅದೇ ರಾಗ, ಆದರೆ ಅದೇ ಅಲ್ಲ.

ಆದ್ದರಿಂದ ಯಾವುದು ಹೆಚ್ಚು ಭಾವುಕ ಎಂದು ಕೇಳಬೇಡಿ. ನನ್ನ ತೀರ್ಮಾನ ಕೇಳಿದರೆ, ದುಃಖದಲ್ಲಿರುವವರಿಗೆ ಮೊದಲು ಪಕ್ಕ ಕೂರುವವರು ಬೇಕು, ಆಮೇಲೆ ಕೈ ಹಿಡಿದು ಎಬ್ಬಿಸುವವರು. ಎಬ್ಬಿಸುವವರು ಮೊದಲೇ ಬಂದರೆ ಸಿಟ್ಟು ಬರುತ್ತದೆ, ಕೂರುವವರು ಎದ್ದು ಹೋಗದಿದ್ದರೆ ಉಸಿರು ಕಟ್ಟುತ್ತದೆ.

ಆ ತಾಯಿಗೆ ಈಗ ನಾನು ಹೇಳುವುದು ಇದು: ಆಪಾ, ಹುಡುಗ ಓದೋವಾಗ ಏನೂ ಹಚ್ಚಬೇಡಿ. ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಟಿವಿ ಬಂದ್ ಮಾಡಿ, ಅವನನ್ನು ಪಕ್ಕ ಕೂರಿಸಿಕೊಳ್ಳಿ. ಮೊದಲು ಡಿಡೋಳ ಹಾಡು ಹಚ್ಚಿ, ಕೆಳಗಿನ ಸಾಲು ಎಷ್ಟು ಸಲ ಬಂತು ಅಂತ ಬೆರಳಲ್ಲಿ ಎಣಿಸಲಿ. ಆಮೇಲೆ 40ನೇ ಸಿಂಫನಿಯ ಮೊದಲ ಭಾಗ. ಎರಡನೆಯ ರಾಗ ಮೊದಲ ಸಲ ಬಂದಾಗ ಕೈ ಎತ್ತಲಿ, ಕೊನೆಗೆ ಮತ್ತೆ ಬಂದಾಗಲೂ ಎತ್ತಲಿ. ಏನು ಬದಲಾಯಿತು ಅಂತ ಕೇಳಿ. ಅವನು ಏನು ಹೇಳಿದ ಅಂತ ನಾಳೆ ಬಂದು ನನಗೂ ಹೇಳಿ.